ಪಕ್ಕದೂರಿನ ಪತ್ತೇದಾರಿಣಿ

ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ಈ ಸಲ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಬೇಡ. ಪ್ರತಿ ಸಂಚಿಕೆಗೂ ಅದನ್ನೇ ಬರೆದುಕೊಡ್ತೀರಿ. ಜನ ಅದನ್ನು ಓದಿ, ಮಡಚಿಟ್ಟು, ಎದ್ದು ಹೋಗಿ ಎರಡನೇ ಹೋಳಿಗೆ ಹಾಕಿಸಿಕೊಳ್ತಾರೆ. ಬೇರೆ ಏನಾದರೂ ಬರೀರಿ" ಎಂದರು. ಬೇರೆ ಏನು ಬರೆಯಲಿ? ನನಗೆ ಗೊತ್ತಿರುವುದು ಎರಡೇ ವಿಷಯ. ಒಂದು ಮೂತ್ರಪಿಂಡ. ಇನ್ನೊಂದನ್ನು ನಮ್ಮ ಸಂಘದಲ್ಲಿ ಇದುವರೆಗೆ ಯಾರ ಎದುರಿಗೂ ಹೇಳಿಕೊಂಡಿಲ್ಲ. ಭೈರಪ್ಪನವರ ಕಾದಂಬರಿ ಬಗ್ಗೆ ಚರ್ಚೆ ನಡೆಯುವಾಗ ನಾನು ಗಂಭೀರವಾಗಿ ತಲೆಯಾಡಿಸುತ್ತಾ ಕುಳಿತಿರುವುದನ್ನು ನೀವು ನೋಡಿದ್ದೀರಿ. ಆದರೆ ರಾತ್ರಿ ಮಲಗುವ ಮುಂಚೆ ನಾನು ಓದುವುದು ಪತ್ತೇದಾರಿ ಕಾದಂಬರಿ. ಅದರಲ್ಲೂ ಒಂದೇ ಹುಡುಗಿಯ ಕಥೆ, ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ. ನಮ್ಮ ಯಜಮಾನರು ದೀಪ ಆರಿಸಲು ಕಾದು ಕಾದು, "ಆ ಹುಡುಗಿಗೆ ಇನ್ನೂ ಮದುವೆ ಆಗಲಿಲ್ಲವೇನೇ?" ಎಂದು ಕೇಳಿ ಮಗ್ಗುಲು ಬದಲಾಯಿಸುತ್ತಾರೆ.

ಸರಣಿ ಶುರುವಾಗುವ ಮುಂಚೆಯೇ ಒಮ್ಮೆ ಆಗಿ ಮುರಿದಿತ್ತು.

ಈ ಚಟ ಹತ್ತಿದ್ದು ಹಾಸನದಲ್ಲಿ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಮನೆಯ ಕಪಾಟಿನಲ್ಲಿ ಕುಮಾರವ್ಯಾಸ, ಪಂಪ, ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'. ಕಪಾಟಿನ ಹಿಂದೆ, ಗೋಡೆಗೂ ಮರಕ್ಕೂ ನಡುವಿನ ಸಂದಿಯಲ್ಲಿ, ಅಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಶಾಲೆಯಲ್ಲಿ ನಾಲ್ಕನೇ ತರಗತಿಯ ಆಚೆ ಓದದ ಆ ಮಹಾನುಭಾವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಕರ್ನಾಟಕದಲ್ಲಿ ಎಷ್ಟು ಜನಕ್ಕೆ ಓದುವ ಅಭ್ಯಾಸ ಹಿಡಿಸಿದರೋ ಲೆಕ್ಕವಿಲ್ಲ. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ಪತ್ತೇದಾರರು ನನಗೆ ಸೋದರಮಾವಂದಿರಷ್ಟೇ ಪರಿಚಿತರು. ಆದರೆ ನಾನು ಓದಿದವುಗಳಲ್ಲಿ ಹೆಣ್ಣು ಎಂದರೆ ಕಿರುಚುವವಳು, ಕಾಣೆಯಾಗುವವಳು ಅಥವಾ ಕೊನೆಯ ಅಧ್ಯಾಯದಲ್ಲಿ ಕಾಫಿ ತರುವವಳು. ಹತ್ತು ವರ್ಷದ ನನಗೆ ಅದು ಕೊರತೆ ಎಂದೂ ಅನಿಸಿರಲಿಲ್ಲ. ಪತ್ತೇದಾರ ಎಂದರೆ ಗಂಡಸು, ಡಾಕ್ಟರ್ ಎಂದರೆ ಗಂಡಸು. ಹೆರಿಗೆ ಆಸ್ಪತ್ರೆಯ ಲೇಡಿ ಡಾಕ್ಟರ್ ಒಬ್ಬರು ಅದಕ್ಕೆ ಹೊರತು, ಅಷ್ಟೆ.

ಎಂ.ಬಿ.ಬಿ.ಎಸ್. ಮುಗಿಸಿ, ಮದುವೆಯಾಗಿ, ಪರೀಕ್ಷೆಗಳನ್ನು ಬರೆದು 1998ರಲ್ಲಿ ಬ್ರೂಕ್ಲಿನ್‌ನಲ್ಲಿ ರೆಸಿಡೆನ್ಸಿಗೆ ಸೇರಿದೆ. ಆ ಕಾಲದ ರೆಸಿಡೆನ್ಸಿ ಎಂದರೇನೆಂದು ನಮ್ಮಲ್ಲಿ ಅನುಭವಿಸಿದವರಿಗೆ ಹೇಳಬೇಕಾಗಿಲ್ಲ, ಅನುಭವಿಸದವರಿಗೆ ಹೇಳಿದರೆ ನಂಬಿಕೆ ಬರುವುದಿಲ್ಲ. ಒಂದು ರಾತ್ರಿ, ಮೂವತ್ತು ಗಂಟೆಯ ಡ್ಯೂಟಿಯ ನಡುವೆ, ಕಾಲ್ ರೂಮಿನ ಮಂಚದ ಕೆಳಗೆ ರಟ್ಟು ಕಿತ್ತ ಪುಸ್ತಕವೊಂದು ಸಿಕ್ಕಿತು. ಜಾನೆಟ್ ಇವಾನೋವಿಚ್ ಬರೆದ 'ಒನ್ ಫಾರ್ ದ ಮನಿ'. ಹತ್ತು ನಿಮಿಷ ಕಣ್ಣು ಮುಚ್ಚಬೇಕೆಂದು ಹೋದವಳು ಪೇಜರ್ ಕೂಗುವವರೆಗೂ ಓದಿದೆ, ಓದುತ್ತಾ ನಕ್ಕೆ. ಆ ದೇಶಕ್ಕೆ ಬಂದು ಏಳು ತಿಂಗಳಾಗಿತ್ತು. ಒಬ್ಬಳೇ ಕುಳಿತು ಜೋರಾಗಿ ನಕ್ಕಿದ್ದು ಅದೇ ಮೊದಲು.

ಓದದವರಿಗೆ ಎರಡು ಮಾತು. ನಾಯಕಿಯ ಹೆಸರು ಸ್ಟೆಫನಿ ಪ್ಲಮ್. ಊರು ಬೇರೆಲ್ಲೂ ಅಲ್ಲ, ನಮ್ಮ ಟ್ರೆಂಟನ್. ಅದರ ಚೇಂಬರ್ಸ್‌ಬರ್ಗ್ ಎಂಬ ಬಡಾವಣೆ, ಪುಸ್ತಕದಲ್ಲಿ ಚಿಕ್ಕದಾಗಿ 'ಬರ್ಗ್'. ನ್ಯೂಅರ್ಕ್‌ನಲ್ಲಿ ಹೆಂಗಸರ ಒಳಉಡುಪು ಕೊಳ್ಳುವ ಕೆಲಸದಲ್ಲಿದ್ದು, ಅದು ಹೋಗಿ, ಬಾಡಿಗೆಗೂ ದುಡ್ಡಿಲ್ಲದೆ, ಜಾಮೀನಿನ ವ್ಯಾಪಾರ ಮಾಡುವ ಸೋದರಸಂಬಂಧಿ ವಿನಿಯ ಬಳಿ ಕೆಲಸಕ್ಕೆ ಸೇರುತ್ತಾಳೆ. ಜಾಮೀನಿನ ಮೇಲೆ ಬಿಡುಗಡೆಯಾಗಿ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡವರನ್ನು ಹುಡುಕಿ ಹಿಡಿದು ತರುವ ಕೆಲಸ. ಕಟ್ಟುನಿಟ್ಟಾಗಿ ಹೇಳಿದರೆ ಪತ್ತೇದಾರಳೂ ಅಲ್ಲ, ಆದರೆ ಪ್ರತಿ ಪುಸ್ತಕದಲ್ಲೂ ಒಂದು ಕೊಲೆಯ ರಹಸ್ಯ ಅವಳ ಕಾಲಿಗೆ ತೊಡರಿಕೊಳ್ಳುತ್ತದೆ. ಮೊದಲ ಪುಸ್ತಕ 1994ರಲ್ಲಿ ಬಂತು. ಹೆಸರಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಿ 2023ರಲ್ಲಿ ಮೂವತ್ತನೆಯದು ಬಂತು, ಮರುವರ್ಷ ಮೂವತ್ತೊಂದನೆಯದೂ ಬಂತು. ಇವಾನೋವಿಚ್ ಅವರು 1943ರಲ್ಲಿ ನಮ್ಮ ನ್ಯೂಜೆರ್ಸಿಯ ಸೌತ್ ರಿವರ್‌ನಲ್ಲಿ ಹುಟ್ಟಿದವರು. ಈ ಸರಣಿಗೆ ಮುಂಚೆ ಪ್ರೇಮಕಥೆಗಳನ್ನು ಬರೆಯುತ್ತಿದ್ದರು.

ನಾನು ಮೊದಲ ಪುಸ್ತಕ ಓದಿದಾಗ ಸ್ಟೆಫನಿಗೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಈಗ ನನಗೆ ಮಂಡಿ ನೋವು, ಓದುವ ಕನ್ನಡಕ. ಅವಳಿಗೆ ಇನ್ನೂ ಮೂವತ್ತರ ಆಸುಪಾಸು. ಇಂಥ ಸರಣಿಗಳ ಸುಖವೇ ಅದು ಇರಬೇಕು. ಪ್ರತಿ ಸಲವೂ ಅವಳ ಕಾರು ಸುಟ್ಟುಹೋಗುತ್ತದೆ. ಪ್ರತಿ ಸಲವೂ ಪೊಲೀಸ್ ಮೊರೆಲ್ಲಿಯೋ ನಿಗೂಢ ಮನುಷ್ಯ ರೇಂಜರೋ ಎಂದು ತೀರ್ಮಾನ ಆಗುವುದಿಲ್ಲ. ಪ್ರತಿ ಸಲವೂ ಸಂಜೆ ಆರು ಗಂಟೆಗೆ ಸರಿಯಾಗಿ ಅವಳಮ್ಮ ಊಟ ಬಡಿಸಿ, "ಇಂಥವರ ಮಗಳು ನೋಡು, ಎರಡು ಮಕ್ಕಳ ತಾಯಿ" ಎಂದು ಶುರು ಮಾಡುತ್ತಾಳೆ. ಆ ಅಡುಗೆಮನೆಯಲ್ಲಿ ಮಾಂಸ ಬೇಯುತ್ತದೆ ಎನ್ನುವುದೊಂದು ಬಿಟ್ಟರೆ ಅದು ಹಾಸನದ ನಮ್ಮ ಮನೆಯೇ. ಇನ್ನು ಅಜ್ಜಿ ಮಜೂರ್. ಊರಿನಲ್ಲಿ ಯಾರೇ ಸತ್ತರೂ ಒಳ್ಳೆಯ ಉಡುಪು ತೊಟ್ಟು ಹೆಣ ನೋಡಲು ಹೋಗುವುದೇ ಆಕೆಯ ಮನರಂಜನೆ. ಪೆಟ್ಟಿಗೆಯ ಮುಚ್ಚಳ ಹಾಕಿಟ್ಟಿದ್ದರೆ ಆಕೆಗೆ ಮೋಸವಾದಂತೆ ಕೋಪ. ನಮ್ಮ ಬೀದಿಯಲ್ಲೂ ಒಬ್ಬ ಅಜ್ಜಿ ಇದ್ದರು. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ, ಎಲ್ಲರಿಗಿಂತ ಕೊನೆಗೆ ಬಂದು, ಸ್ನಾನ ಮಾಡಿ, ಯಾರು ನಿಜವಾಗಿ ಅತ್ತರು, ಯಾರು ಅಳುವಂತೆ ಮಾಡಿದರು ಎಂದು ವರದಿ ಒಪ್ಪಿಸುತ್ತಿದ್ದರು.

ಹೆಣ್ಣು ಪತ್ತೇದಾರರ ಸಾಲು ದೊಡ್ಡದೇ ಇದೆ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ 1930ರಲ್ಲೇ ತನ್ನ ಮೊದಲ ಕಾದಂಬರಿಯಲ್ಲಿ ಹೆಣಿಗೆ ಹಿಡಿದು ಕುಳಿತಳು. ಟೀವಿಯಲ್ಲಿ 'ಮರ್ಡರ್, ಶಿ ರೋಟ್' 1984ರಿಂದ 1996ರವರೆಗೆ ಹನ್ನೆರಡು ಸೀಸನ್ ನಡೆಯಿತು. ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ಮಧ್ಯಾಹ್ನ ಅದರ ಮರುಪ್ರಸಾರ ನೋಡುತ್ತಿದ್ದರು. ಭಾಷೆ ಅರ್ಧ ತಿಳಿಯದಿದ್ದರೂ ಕೊಲೆಗಾರ ಯಾರೆಂದು ನನಗಿಂತ ಮುಂಚೆ ಹೇಳುತ್ತಿದ್ದರು. "ಅಲ್ವೇ, ಆಯಮ್ಮ ಹೋದ ಕಡೆಯೆಲ್ಲ ಹೆಣ ಬೀಳುತ್ತಲ್ಲ, ಆದ್ರೂ ಜನ ಊಟಕ್ಕೆ ಕರೀತಾರಲ್ಲ, ಎಂಥಾ ಧೈರ್ಯ!" ಎನ್ನುತ್ತಿದ್ದರು. ಎಡಿನ್‌ಬರೋದಲ್ಲಿ ವೈದ್ಯಕೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದ ಅಲೆಕ್ಸಾಂಡರ್ ಮ್ಯಾಕಾಲ್ ಸ್ಮಿತ್ 1998ರಲ್ಲಿ ಶುರು ಮಾಡಿದ ಬೋಟ್ಸ್ವಾನಾದ ಪತ್ತೇದಾರಿಣಿ ರಮೋಟ್ಸ್ವೆಯ ಕಥೆಗಳೂ ನನಗೆ ಇಷ್ಟ. ಆಕೆ ನಮ್ಮ ಹಳ್ಳಿಯ ದೊಡ್ಡಮ್ಮನ ಹಾಗೆ, ಟೀ ಕುಡಿಯುತ್ತಲೇ ನ್ಯಾಯ ತೀರ್ಮಾನ ಮಾಡುತ್ತಾಳೆ. ಇವರೆಲ್ಲರಿಗೂ ಬುದ್ಧಿ ಇದೆ. ಸ್ಟೆಫನಿಗೆ ಅಂಥ ಬುದ್ಧಿಯೂ ಇಲ್ಲ, ಗುರಿಯೂ ಇಲ್ಲ. ಪಿಸ್ತೂಲನ್ನು ಬಿಸ್ಕತ್ ಡಬ್ಬಿಯಲ್ಲಿ ಇಟ್ಟು ಮರೆಯುತ್ತಾಳೆ. ಅವಳಿಗೆ ಇರುವುದು ಒಂದೇ ಶಕ್ತಿ. ಹೆದರಿಕೆಯಾದರೂ ಹೋಗಿ ಬಾಗಿಲು ತಟ್ಟುತ್ತಾಳೆ. ಹೊಡೆತ ತಿಂದು ಬಂದು ಡೋನಟ್ ತಿಂದು, ಮರುದಿನ ಮತ್ತೆ ಹೋಗಿ ಬಾಗಿಲು ತಟ್ಟುತ್ತಾಳೆ. ಇಂಗ್ಲಿಷ್ ಉಚ್ಚಾರಣೆಗೆ ನಕ್ಕಾರು ಎಂದು ಹೆದರುತ್ತಲೇ ರೋಗಿಯ ಕೋಣೆಯ ಬಾಗಿಲು ತಟ್ಟುತ್ತಿದ್ದ ರೆಸಿಡೆಂಟಿಗೆ ಅವಳೇ ಸರಿಯಾದ ಗೆಳತಿ.

2004ರಲ್ಲಿ ನಾವು ಈ ಊರಿಗೆ ಬಂದೆವು. ಆಗ ಇದರ ಹೆಸರು ವಾಷಿಂಗ್ಟನ್ ಟೌನ್‌ಷಿಪ್. ನ್ಯೂಜೆರ್ಸಿಯಲ್ಲಿ ಅದೇ ಹೆಸರಿನ ಊರುಗಳು ಇನ್ನೂ ಹಲವು ಇದ್ದದ್ದರಿಂದ 2007ರಲ್ಲಿ ಜನ ಮತ ಹಾಕಿ ರಾಬಿನ್ಸ್‌ವಿಲ್ ಎಂದು ಮಾಡಿಕೊಂಡರು. ಇಲ್ಲಿಂದ ರೂಟ್ 33 ಹಿಡಿದು ಹ್ಯಾಮಿಲ್ಟನ್ ದಾಟಿದರೆ ಟ್ರೆಂಟನ್. ಹೆಚ್ಚೆಂದರೆ ಅರ್ಧ ಗಂಟೆ. ನನ್ನ ಕೆಲಸವೂ ಆ ಕಡೆಯೇ, ಡಯಾಲಿಸಿಸ್ ಕೇಂದ್ರಗಳಲ್ಲಿ. ಮೊದಲ ವಾರ ಆ ರಸ್ತೆಯಲ್ಲಿ ಹೋಗುವಾಗ, ಹ್ಯಾಮಿಲ್ಟನ್ ಅವೆನ್ಯೂ ಎಂಬ ಹೆಸರಿನ ಫಲಕ ಕಂಡು ನನಗೆ ಮೈಸೂರಿನಲ್ಲಿ ಸಿನಿಮಾ ಚಿತ್ರೀಕರಣ ನೋಡಿದಷ್ಟು ಸಂಭ್ರಮವಾಯಿತು. ವಿನಿಯ ಅಂಗಡಿ ಇರುವುದು ಅದೇ ರಸ್ತೆಯಲ್ಲಲ್ಲವೇ!

ಆದರೆ ಪುಸ್ತಕದ ಬರ್ಗ್ ಆಗಲೇ ಕರಗುತ್ತಿತ್ತು. ರೋಬ್ಲಿಂಗ್ ಕಂಪನಿಯ ಉಕ್ಕಿನ ಹಗ್ಗ, ಪಿಂಗಾಣಿ ಕಾರ್ಖಾನೆಗಳು ಇದ್ದ ಕಾಲದಲ್ಲಿ ಬಂದ ಇಟಲಿಯವರ ಮಕ್ಕಳು ಮೊಮ್ಮಕ್ಕಳು ಹ್ಯಾಮಿಲ್ಟನ್ ಕಡೆಗೆ, ನಮ್ಮ ಕಡೆಗೆ ಸರಿದರು. ಆ ಮನೆಗಳಿಗೆ ಗ್ವಾಟೆಮಾಲಾ, ಎಕ್ವಡಾರ್ ಕಡೆಯ ಜನ ಬಂದರು. 'ಟ್ರೆಂಟನ್ ಮೇಕ್ಸ್, ದ ವರ್ಲ್ಡ್ ಟೇಕ್ಸ್' ಎಂಬ ದೀಪದ ಅಕ್ಷರಗಳು ಮಾತ್ರ ಸೇತುವೆಯ ಮೇಲೆ ಉಳಿದವು. ನೀವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗುವ ನಮ್ಮ ಟೌನ್ ಸೆಂಟರಿನ ಡಿ ಲೊರೆಂಜೋಸ್ ಟೊಮ್ಯಾಟೊ ಪೈ ಅಂಗಡಿ ಇದೆಯಲ್ಲ, ಚೀಸ್ ಕೆಳಗೆ ಟೊಮ್ಯಾಟೊ ಮೇಲೆ ಹಾಕುವವರು, ಅವರ ಮೂಲ ಅಂಗಡಿ ಚೇಂಬರ್ಸ್‌ಬರ್ಗ್‌ನ ಹಡ್ಸನ್ ಸ್ಟ್ರೀಟಿನಲ್ಲಿತ್ತು. 2012ರ ಜನವರಿಯಲ್ಲಿ ಅದು ಮುಚ್ಚಿತು. 1912ರಲ್ಲಿ ಟ್ರೆಂಟನ್‌ನಲ್ಲಿ ಶುರುವಾದ ಪಾಪಾಸ್ ಕೂಡ 2013ರಲ್ಲಿ ಇಲ್ಲಿಗೇ ಬಂತು. ಅಂದರೆ ಬರ್ಗಿನ ರುಚಿ ನಮ್ಮ ಮನೆಬಾಗಿಲಿಗೆ ಬಂತು. ರುಚಿ ನೋಡಲು ನಾವು ಅಲ್ಲಿಗೆ ಹೋಗಬೇಕಾಗಿಲ್ಲ.

ಈ ಲೇಖನ ಬರೆಯಲು ಕುಳಿತ ಕಾರಣಕ್ಕೆ ಈಗ ಬರುತ್ತೇನೆ. ದಿನವಿಡೀ ಸಾಯುವವರ ಪಕ್ಕದಲ್ಲಿದ್ದು ಮನೆಗೆ ಬಂದು ಸತ್ತವರ ಕಥೆ ಓದಿ ನಗುವುದು ಸರಿಯೇ ಎಂದು ಮಗಳು ಒಮ್ಮೆ ಕೇಳಿದಳು. ಅವಳು ಕಾಲೇಜಿನಲ್ಲಿ ನೀತಿಶಾಸ್ತ್ರದ ಒಂದು ಕೋರ್ಸ್ ತೆಗೆದುಕೊಂಡಿದ್ದ ವರ್ಷ ಅದು, ಆಗ ನಮ್ಮ ಮನೆಯಲ್ಲಿ ಯಾವುದೂ ಸರಿ ಇರಲಿಲ್ಲ. ನಾನು ಅಪ್ಪನ ಕಪಾಟಿನಿಂದ ಉತ್ತರ ತೆಗೆದುಕೊಟ್ಟೆ. ದುಃಖದ ನಾಟಕ ನೋಡಿ ನಾವೇಕೆ ಸುಖಪಡುತ್ತೇವೆ ಎಂಬ ಪ್ರಶ್ನೆಗೆ ಭಟ್ಟನಾಯಕ ಎಂಬ ಕಾಶ್ಮೀರದ ಮೀಮಾಂಸಕ ಸಾವಿರ ವರ್ಷದ ಹಿಂದೆ ಸಾಧಾರಣೀಕರಣ ಎಂಬ ಮಾತು ಹೇಳಿದ, ಅಭಿನವಗುಪ್ತ ಅದನ್ನು ಬೆಳೆಸಿದ. ರಂಗದ ಮೇಲಿನ ಭಯ ನನ್ನದಲ್ಲ, ನನ್ನ ಶತ್ರುವಿನದೂ ಅಲ್ಲ, ಇಂಥವನದು ಎಂಬ ಗುರುತು ಕಳಚಿ ಅದು ಎಲ್ಲರಿಗೂ ಸಾಮಾನ್ಯವಾದ ಭಾವವಾಗುತ್ತದೆ. ಆದ್ದರಿಂದಲೇ ಅದನ್ನು ಸವಿಯಬಹುದು. ಕಥೆಯಲ್ಲಿ ಸತ್ತವನಿಗೆ ಡೆತ್ ಸರ್ಟಿಫಿಕೇಟ್ ಇಲ್ಲ, ಕಾರಿಡಾರಿನಲ್ಲಿ ಕಾಯುವ ಹೆಂಡತಿ ಇಲ್ಲ. ಅದಕ್ಕೇ ಅವನ ಸಾವು ನನಗೆ ವಿಶ್ರಾಂತಿ. ಮಗಳಿಗೆ ಹೀಗೆಲ್ಲ ಹೇಳಿದೆ. ಅವಳು ಒಪ್ಪಿದಳು. ಆಗ ನಾನು ಅವಳಿಗೆ ಹೇಳದೆ ಉಳಿಸಿಕೊಂಡ ಒಂದು ವಿಷಯ ಇತ್ತು.

2011ರ ಶರತ್ಕಾಲ. ರೋಗಿಯ ಗುರುತು ಹೇಳುವಂತಿಲ್ಲ, ಆದ್ದರಿಂದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಐವತ್ತು ದಾಟಿದ ಮನುಷ್ಯ, ಚೇಂಬರ್ಸ್‌ಬರ್ಗ್‌ನಲ್ಲೇ ಹುಟ್ಟಿ, ಎಲ್ಲರೂ ಬಿಟ್ಟು ಹೋದಮೇಲೂ ಅಲ್ಲೇ ಉಳಿದವರು. ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡ ಹೋಗಿ ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಬಾಯಿ ಜೋರು, ಮನಸ್ಸು ಮೆತ್ತಗೆ. ಖಾತೆಯಲ್ಲಿ ಹಣವಿಲ್ಲದೆ ಬರೆದ ಎರಡು ಚೆಕ್ಕಿನ ಮೇಲೆ ಅವರ ಮೇಲೆ ಕೇಸಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ನಾನು ಕೇಂದ್ರದ ಮುಂಬಾಗಿಲ ಬಳಿ ನಿಂತು ಚಾರ್ಟ್ ನೋಡುತ್ತಿದ್ದಾಗ ಒಬ್ಬ ಹೆಂಗಸು ಬಂದರು. ನಲವತ್ತರ ವಯಸ್ಸು, ಸೊಂಟದಲ್ಲಿ ಕೈಕೋಳ, ಎದೆಯ ಮೇಲೆ ಬ್ಯಾಡ್ಜ್. ಆ ಮನುಷ್ಯನ ಹೆಸರು ಹೇಳಿ, ಇಲ್ಲಿಗೆ ಬರುತ್ತಾರೆಯೇ ಎಂದು ಕೇಳಿದರು. ಕೋರ್ಟಿಗೆ ಬಾರದೆ ತಪ್ಪಿಸಿಕೊಂಡಿದ್ದಾರೆ, ನಾನು ಜಾಮೀನು ಕಂಪನಿಯ ಕಡೆಯವಳು ಎಂದರು. ನನಗೆ ಏನಾಯಿತು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಮೈ ಜುಂ ಎಂದಿತು. ಹದಿಮೂರು ವರ್ಷದಿಂದ ಪುಸ್ತಕದಲ್ಲಿ ಕಂಡವಳು ನನ್ನೆದುರಿಗೆ ನಿಂತಿದ್ದಾಳೆ! ಟ್ರೆಂಟನ್‌ನಲ್ಲಿ! ಬಾಯಿ ತುಂಬಾ ನಕ್ಕು, "ಅಯ್ಯೋ, ಇವತ್ತು ಅವರ ದಿನ ಅಲ್ಲವಲ್ಲ" ಎಂದುಬಿಟ್ಟೆ.

ಅಷ್ಟೇ ಮಾತು. ಆಕೆ ಧನ್ಯವಾದ ಹೇಳಿ ಹೋದರು. ಪಕ್ಕದಲ್ಲಿದ್ದ ನರ್ಸ್ ನನ್ನ ಮುಖ ನೋಡಿದಾಗಲೇ ನಾನು ಏನು ಮಾಡಿದೆ ಎಂದು ಹೊಳೆದದ್ದು. ರೋಗಿಯ ಗುಟ್ಟು ಕಾಯಬೇಕು ಎಂಬುದು ವೈದ್ಯವೃತ್ತಿಯ ಮೊದಲ ಪಾಠ. ಈ ದೇಶದಲ್ಲಿ 1996ರ ಹಿಪಾ ಕಾನೂನಿನ ಮೇಲೆ ಪ್ರತಿ ವರ್ಷ ನಮಗೆ ಪರೀಕ್ಷೆ ಬೇರೆ. ಒಬ್ಬ ವ್ಯಕ್ತಿ ಇಲ್ಲಿಗೆ ಬರುತ್ತಾನೆ ಎನ್ನುವುದೂ ಗುಟ್ಟೇ. ವಾರದ ಯಾವ ದಿನ ಅಲ್ಲ ಎಂದು ಹೇಳಿದರೆ ಯಾವ ದಿನ ಎಂದು ಹೇಳಿದಂತೆಯೇ. ನಾನು ಆಸೆಗೆ ಹೇಳಲಿಲ್ಲ, ಹೆದರಿ ಹೇಳಲಿಲ್ಲ, ಕಾನೂನಿಗೆ ತಲೆಬಾಗಿಯೂ ಹೇಳಲಿಲ್ಲ. ಕಥೆಯ ಖುಷಿಗೆ ಹೇಳಿದೆ. ಆ ಕ್ಷಣದಲ್ಲಿ ಆ ಮನುಷ್ಯ ನನ್ನ ರೋಗಿಯಾಗಿರಲಿಲ್ಲ, ತಪ್ಪಿಸಿಕೊಂಡ ಒಂದು ಪಾತ್ರವಾಗಿದ್ದ. ಭಟ್ಟನಾಯಕ ನಾಟಕಶಾಲೆಯ ಒಳಗೆ ಕಳಚಿಡು ಎಂದ ಗುರುತನ್ನು ನಾನು ಹೊರಗೆ ಬಂದಮೇಲೂ ತೊಡಿಸಿರಲಿಲ್ಲ.

ಶುಕ್ರವಾರ ಅವರು ಬಸ್ಸಿಳಿದು ಬರುವಾಗ ಪಾರ್ಕಿಂಗ್ ಜಾಗದಲ್ಲಿ ಕಾಯುತ್ತಿದ್ದ ಕಾರು ಕಂಡಿತು, ಹಾಗೇ ಹಿಂದಕ್ಕೆ ಹೋದರು. ಸೋಮವಾರವೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಮಂಗಳವಾರ ಬೆಳಗಿನ ಜಾವ ಅವರ ಅಕ್ಕ ಆಂಬುಲೆನ್ಸ್ ಕರೆದರು. ಆರು ದಿನ ಡಯಾಲಿಸಿಸ್ ಇಲ್ಲದೆ ರಕ್ತದಲ್ಲಿ ಪೊಟ್ಯಾಸಿಯಂ 7.6. ನಿಮಗೂ ನನಗೂ ಇರಬೇಕಾದದ್ದು 3.5ರಿಂದ 5. ಆ ಮಟ್ಟದಲ್ಲಿ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು, ಇ.ಸಿ.ಜಿ.ಯಲ್ಲಿ ಅಲೆಗಳು ಡೇರೆಯ ಹಾಗೆ ಚೂಪಾಗಿ ನಿಂತಿದ್ದವು. ಕ್ಯಾಲ್ಸಿಯಂ ಕೊಟ್ಟು, ಇನ್ಸುಲಿನ್ ಜೊತೆಗೆ ಗ್ಲೂಕೋಸ್ ಕೊಟ್ಟು, ಬೆಳಗಾಗುವುದರೊಳಗೆ ಮೆಷಿನ್‌ಗೆ ಹಾಕಿದೆವು. ಬದುಕಿದರು.

ಎರಡು ದಿನ ಬಿಟ್ಟು ವಿಷಯ ಪೂರ್ತಿ ತಿಳಿಯಿತು. ಕೋರ್ಟಿನ ವಾಯಿದೆ ಇದ್ದದ್ದು ಒಂದು ಬುಧವಾರ. ಅವರು ತಪ್ಪಿಸಿಕೊಂಡಿರಲಿಲ್ಲ. ನಮ್ಮ ಕುರ್ಚಿಯಲ್ಲಿ, ನನ್ನ ಕಣ್ಣೆದುರಿಗೆ, ಎರಡು ಸೂಜಿ ಚುಚ್ಚಿಸಿಕೊಂಡು ಕುಳಿತಿದ್ದರು.

ಜಾಮೀನಿನ ಲೆಕ್ಕವನ್ನು ಆಮೇಲೆ ಕುಳಿತು ಅರ್ಥ ಮಾಡಿಕೊಂಡೆ. ಹನ್ನೆರಡು ಹದಿಮೂರು ಪುಸ್ತಕ ಓದಿದ್ದರೂ ಮಾಡಿಕೊಂಡಿರಲಿಲ್ಲ. ಅವರ ಜಾಮೀನು 2500 ಡಾಲರ್. ಅಷ್ಟು ಹಣ ಇಲ್ಲದವರು ಹತ್ತನೇ ಒಂದು ಭಾಗ, 250, ಜಾಮೀನು ವ್ಯಾಪಾರಿಗೆ ಕೊಡುತ್ತಾರೆ. ಅದು ಹಿಂದಕ್ಕೆ ಬರುವುದಿಲ್ಲ. ಅಕ್ಕ ಕೊಟ್ಟಿದ್ದರು. ಆರೋಪಿ ಬಾರದಿದ್ದರೆ ವ್ಯಾಪಾರಿ ಪೂರ್ತಿ ಹಣ ಕಟ್ಟಬೇಕು, ಅದಕ್ಕೇ ಹಿಡಿದು ತರುವವರನ್ನು ಕಳಿಸುತ್ತಾನೆ. ಸ್ಟೆಫನಿಗೆ ಸಿಗುವುದೂ ಜಾಮೀನು ಮೊತ್ತದ ಹತ್ತನೇ ಒಂದು ಭಾಗವೇ. ಮೊದಲ ಪುಸ್ತಕದಲ್ಲಿ ಮೊರೆಲ್ಲಿಯನ್ನು ಹಿಡಿದರೆ ಹತ್ತು ಸಾವಿರ. ನನ್ನೆದುರು ನಿಂತ ಹೆಂಗಸಿಗೂ ಅದೇ ದರವಾದರೆ ಎರಡೂವರೆ ನೂರು ಡಾಲರ್. ಎರಡು ದಿನ ಕಾರಿನಲ್ಲಿ ಕುಳಿತು ಕಾದದ್ದಕ್ಕೆ. ಆ ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಇತ್ತು ಎಂದು ನಮ್ಮ ನರ್ಸ್ ಹೇಳಿದರು. ಅವರೂ ಬಾಡಿಗೆ ಕಟ್ಟಬೇಕಾದ ಒಬ್ಬ ತಾಯಿ. ನನಗೆ ಅವರೂ ಮನುಷ್ಯರಾಗಿ ಕಂಡಿರಲಿಲ್ಲ, ಪಾತ್ರವಾಗಿಯೇ ಕಂಡಿದ್ದರು.

ನನ್ನ ದೊಡ್ಡಪ್ಪ ಹಾಸನದಲ್ಲಿ ವಕೀಲರ ಬಳಿ ಗುಮಾಸ್ತರಾಗಿದ್ದರು. "ಜಾಮೀನಿಗೆ ಪಹಣಿ ತಂದುಕೊಡೋನು ನಂಟನಾದರೂ ಆಗಿರಬೇಕು, ಹುಚ್ಚನಾದರೂ ಆಗಿರಬೇಕು" ಎನ್ನುತ್ತಿದ್ದರು. ನಮ್ಮಲ್ಲಿ ಜಾಮೀನು ನಿಲ್ಲುವುದೆಂದರೆ ಒಬ್ಬರು ಇನ್ನೊಬ್ಬರ ಮಾತಿಗೆ ತಮ್ಮ ಜಮೀನನ್ನು ಒಡ್ಡುವುದು. ದೊಡ್ಡಪ್ಪ ಒಮ್ಮೆ ತೋಟದ ಆಳೊಬ್ಬನಿಗೆ ನಿಂತಿದ್ದರು. ಪ್ರತಿ ವಾಯಿದೆಯ ಹಿಂದಿನ ದಿನ ಸೈಕಲ್ ಹೊಡೆದುಕೊಂಡು ಅವನ ಹಟ್ಟಿಗೆ ಹೋಗಿ ನೆನಪಿಸಿ, ಬಸ್ಸಿನ ಕಾಸು ಕೊಟ್ಟು ಬರುತ್ತಿದ್ದರು. ಇಲ್ಲಿ ಆ ನಂಬಿಕೆಗೆ ದರ ನಿಗದಿಯಾಗಿತ್ತು. ನೆನಪಿಸುವವರು ಯಾರೂ ಇರಲಿಲ್ಲ, ಹಿಡಿಯುವವರು ಇದ್ದರು. ಇದನ್ನೆಲ್ಲ ನೋಡಿಯೇ ನ್ಯೂಜೆರ್ಸಿಯವರು 2014ರಲ್ಲಿ ಮತ ಹಾಕಿ ಸಂವಿಧಾನ ತಿದ್ದಿದರು. 2013ರ ಒಂದು ಅಧ್ಯಯನದ ಪ್ರಕಾರ ರಾಜ್ಯದ ಜೈಲುಗಳಲ್ಲಿದ್ದವರಲ್ಲಿ ಶೇಕಡಾ 12ರಷ್ಟು ಜನ ಕೇವಲ 2500 ಡಾಲರ್ ಅಥವಾ ಅದಕ್ಕೂ ಕಡಿಮೆ ಜಾಮೀನು ಕಟ್ಟಲಾರದೆ ಒಳಗಿದ್ದರು. 2017ರ ಜನವರಿ 1ರಿಂದ ಹಣದ ಜಾಮೀನು ಇಲ್ಲಿ ಬಹುಮಟ್ಟಿಗೆ ನಿಂತುಹೋಯಿತು. ವಿನಿಯಂಥವರ ಅಂಗಡಿಗಳಿಗೆ ಟ್ರೆಂಟನ್‌ನಲ್ಲಿ ಕೆಲಸವಿಲ್ಲ. ಪುಸ್ತಕದಲ್ಲಿ ಮಾತ್ರ ಆ ಅಂಗಡಿ ಇನ್ನೂ ತೆರೆದಿದೆ, ಸ್ಟೆಫನಿ ಇನ್ನೂ ಹಿಡಿಯುತ್ತಿದ್ದಾಳೆ. ನಾನೂ ಇನ್ನೂ ಓದುತ್ತಿದ್ದೇನೆ. ಬಿಟ್ಟೆ ಎಂದು ಬರೆದರೆ ಲೇಖನಕ್ಕೆ ಶೋಭೆ, ಆದರೆ ಬಿಟ್ಟಿಲ್ಲ. ಒಂದು ವರ್ಷ ಮುಟ್ಟಲಿಲ್ಲ, ಅಷ್ಟೇ. ನಕ್ಕದ್ದು ತಪ್ಪು ಎಂದು ಈಗಲೂ ಅನಿಸುವುದಿಲ್ಲ. ನಕ್ಕ ಬಾಯಿಯಲ್ಲೇ ಕೆಲಸದ ಮಾತಾಡಿದ್ದು ತಪ್ಪು.

ನಾನು ಮಾಡಿದ್ದು ಇಷ್ಟು. ಕೇಂದ್ರದ ಮೇಲ್ವಿಚಾರಕರಿಗೆ ನನ್ನ ಬಾಯಿಂದ ಮಾತು ಹೊರಬಿದ್ದದ್ದನ್ನು ಬರೆದುಕೊಟ್ಟೆ. ಅವರು ಬರೆದುಕೊಂಡು, ನನ್ನನ್ನು ಮತ್ತೊಮ್ಮೆ ತರಬೇತಿಗೆ ಕಳಿಸಿದರು. ನ್ಯಾಯಾಧೀಶರಿಗೆ, ವಾಯಿದೆಯ ದಿನ ಈ ವ್ಯಕ್ತಿ ಡಯಾಲಿಸಿಸ್‌ನಲ್ಲಿದ್ದರು ಎಂದು ರೋಗಿಯ ಒಪ್ಪಿಗೆ ಪಡೆದು ಪತ್ರ ಬರೆದೆ. ವಾರಂಟ್ ರದ್ದಾಯಿತು. ಆ ಪತ್ರಕ್ಕಾಗಿ ಅವರ ಅಕ್ಕ ನನಗೆ ಒಂದು ತಟ್ಟೆ ಬಿಸ್ಕತ್ ಮಾಡಿ ಕಳಿಸಿದರು. ಮೊಟ್ಟೆ ಇತ್ತೋ ಏನೋ, ಕೇಳದೆ ತಿಂದೆ.

ಅವರಿಗೆ ಮಾತ್ರ ಹೇಳಲಿಲ್ಲ. ಹೇಳಬೇಕೆಂದು ಮೂರು ಸಲ ಕುರ್ಚಿಯ ಬಳಿ ಸ್ಟೂಲ್ ಎಳೆದುಕೊಂಡು ಕುಳಿತೆ. ಮೂರು ಸಲವೂ ಪೊಟ್ಯಾಸಿಯಂ ಬಗ್ಗೆ, ಬಾಳೆಹಣ್ಣು ಬೇಡ, ಆಲೂಗೆಡ್ಡೆ ಕಡಿಮೆ ಮಾಡಿ ಎಂದು ಮಾತಾಡಿ ಎದ್ದು ಬಂದೆ.

ಆ ಡಿಸೆಂಬರಿನಲ್ಲಿ ಒಂದು ದಿನ ಸುತ್ತು ಹಾಕುವಾಗ ನೋಡಿದರೆ, ಅವರ ತೊಡೆಯ ಮೇಲೆ ಹೊಸ ಪುಸ್ತಕ. ಹದಿನೆಂಟನೆಯದು, 'ಎಕ್ಸ್‌ಪ್ಲೋಸಿವ್ ಎಯ್ಟೀನ್', ಬಂದು ತಿಂಗಳೂ ಆಗಿರಲಿಲ್ಲ. ನಾನು ನಿಂತುಬಿಟ್ಟೆ. "ಇದನ್ನು ನೀವೂ ಓದುತ್ತೀರಾ?" ಎಂದೆ.

"ಮೊದಲಿಂದಲೂ" ಎಂದರು. "ಈಯಮ್ಮ ನಮ್ಮ ಬೀದಿಗಳ ಲೆಕ್ಕ ಎಲ್ಲ ತಪ್ಪು ಬರೆದಿದ್ದಾರೆ ಡಾಕ್ಟರ್. ಇಲ್ಲದ ಕಡೆ ಅಂಗಡಿ ಇಟ್ಟಿದ್ದಾರೆ. ಆದರೆ ಅಜ್ಜಿ ಮಾತ್ರ ಸರಿಯಾಗಿ ಬಂದಿದ್ದಾಳೆ. ನನ್ನ ಅಜ್ಜಿಯೂ ಹಾಗೇ, ಪೇಪರಿನಲ್ಲಿ ಸಾವಿನ ಪುಟ ನೋಡಿ ವಾರದ ಕಾರ್ಯಕ್ರಮ ಹಾಕುತ್ತಿದ್ದಳು." ನಕ್ಕರು. ನನಗೂ ನಗು ಬಂತು. ನನ್ನ ಬೀದಿಯ ಅಜ್ಜಿಯ ಕಥೆ ಹೇಳಿದೆ. ಪಕ್ಕದ ಕುರ್ಚಿಯವರೂ ಕಿವಿಗೊಟ್ಟು ನಕ್ಕರು. ಇವರ ಬಡಾವಣೆಯನ್ನು ನೋಡಿ ಹೊರಗಿನವಳು ನಗುತ್ತಿದ್ದೇನೆ ಎಂದು ನಾನು ಕೊರಗುತ್ತಿದ್ದರೆ, ಅವರು ಅದೇ ಪುಸ್ತಕ ಹಿಡಿದು ನನಗಿಂತ ಜೋರಾಗಿ ನಗುತ್ತಿದ್ದರು. ಆದರೆ ಅವರಿಗೆ ಪ್ರತಿ ಪುಟದಲ್ಲೂ ಗುರುತಿನವರು ಇದ್ದರು.

ಆಮೇಲೆ ಸ್ವಲ್ಪ ಸುಮ್ಮನಿದ್ದು, "ಡಾಕ್ಟರ್, ನನ್ನನ್ನು ಹುಡುಕಿಕೊಂಡು ಬಂದಳಲ್ಲ ಆ ಹೆಂಗಸು, ಶುಕ್ರವಾರ ನಾನು ಇಲ್ಲಿಗೆ ಬರುತ್ತೇನೆ ಎಂದು ಅವಳಿಗೆ ಯಾರು ಹೇಳಿರಬಹುದು? ಇಷ್ಟು ಪುಸ್ತಕ ಓದಿದರೂ ನನಗೆ ಪತ್ತೆ ಹಚ್ಚಲು ಆಗಲಿಲ್ಲ ನೋಡಿ" ಎಂದರು. ನನ್ನ ಮುಖವನ್ನೇ ನೋಡುತ್ತಿದ್ದರು. ಮೆಷಿನ್ ಯಾವುದೋ ಅಲಾರಂ ಕೂಗಿತು. ನಾನು ಅದನ್ನು ನೋಡಲು ತಿರುಗಿದೆ.

ಹೋಗುವಾಗ ಪುಸ್ತಕ ನನ್ನ ಕೈಗೆ ಕೊಟ್ಟರು. "ನನ್ನದು ಮುಗಿಯಿತು, ಓದಿ ಕೊಡಿ" ಎಂದರು. ಗೊತ್ತಿದ್ದೇ ಕೊಟ್ಟರೋ, ಗೊತ್ತಿಲ್ಲದೆ ಕೊಟ್ಟರೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಅವರು ಇನ್ನೂ ಮೂರು ವರ್ಷ ಬದುಕಿದ್ದರು. ವಾರಕ್ಕೆ ಮೂರು ದಿನ ಬರುತ್ತಿದ್ದರು, ಪ್ರತಿ ಹೊಸ ಪುಸ್ತಕದ ಬಗ್ಗೆ ಮಾತಾಡುತ್ತಿದ್ದೆವು. ಹದಿನೆಂಟನೆಯದನ್ನು ಅವರು ಹಿಂದಕ್ಕೆ ಕೇಳಲಿಲ್ಲ. ಈಗ ಅದು ನಮ್ಮ ಮನೆಯ ಕಪಾಟಿನಲ್ಲಿದೆ, ಅಪ್ಪನ 'ಭಾರತೀಯ ಕಾವ್ಯಮೀಮಾಂಸೆ'ಯ ಪಕ್ಕದಲ್ಲಿ. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಅವರ ಹೆಸರು ಇದೆ.